ಕರಿ ಕಂಬಳಿ ಮತ್ತು ಏಳು ತೋಳಿನ ರಾಕ್ಷಸ

ವರದಾ ನದಿಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಮಡಿವಾಳಯ್ಯ ಅಜ್ಜಾರು ಇದ್ದರು.

ಮಠದ ಪಡಸಾಲೆಯಲ್ಲಿ ಒಂದು ಕರಿ ಕಂಬಳಿ ಹಾಸಿರುತ್ತಿತ್ತು. ಯಾರ ಮೇಲಾದರೂ ಸಿಟ್ಟು ಹೊತ್ತು ಬಂದವರು ಅದರ ಮೇಲೆ ಕೂರಬೇಕು. ಕೂತ ಮೇಲೆ ತಮ್ಮ ಮಾತು ಆಡುವಂತಿಲ್ಲ. ಯಾರ ಮೇಲೆ ಸಿಟ್ಟೋ ಅವರ ಮಾತನ್ನು, ಅವರೇ ಬಂದು ಕೂತು ಹೇಳಿದ ಹಾಗೆ, ‘ನಾನು’ ಅಂತಲೇ ಹೇಳಬೇಕು. ಆಮೇಲಷ್ಟೇ ಅಜ್ಜಾರು ದೂರು ಕೇಳುತ್ತಿದ್ದರು.

ಬದು ಒತ್ತಿದ ದಾಯಾದಿಗಳು, ಮಾತು ಬಿಟ್ಟ ಅತ್ತೆ-ಸೊಸೆಯರು, ಎಲ್ಲರೂ ಆ ಕಂಬಳಿಯ ಮೇಲೆ ಕೂತು ಎದ್ದವರೇ. ಅರ್ಧಕ್ಕರ್ಧ ಮಂದಿ ದೂರು ಹೇಳುವುದನ್ನೇ ಮರೆತು ಮನೆಗೆ ಹೋಗುತ್ತಿದ್ದರು.

ಫಕ್ಕೀರೇಶ ಬಂದದ್ದು ಮಾತ್ರ ದೀಕ್ಷೆ ಬೇಡಲು. ವಯಸ್ಸು ಮೂವತ್ತೆರಡು. ಪೇಟೆಯಲ್ಲಿ ಗೇಮ್ ಅಂಗಡಿ ಇಟ್ಟು, ಅದು ಮುಚ್ಚಿ, ಹೆಂಡತಿಯನ್ನು ಬಿಟ್ಟು, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದ.

“ಸಂಸಾರ ಸಾಕಾತ್ರಿ ಅಜ್ಜಾರ. ವೈರಾಗ್ಯ ಬಂದೈತಿ.”

“ವೈರಾಗ್ಯ ಬಂದೈತೋ, ಸಿಟ್ಟು ಬಂದೈತೋ?”

“ಸಿಟ್ಟೇನಿಲ್ರಿ.”

“ಹಂಗಾರ ಹೆಂಡತಿ ಹೆಸರು ಹೇಳು, ನೋಡೂಣು.”

“ದಾಕ್ಷಾಯಣಿ” ಅಂದ ಫಕ್ಕೀರೇಶ, ಹಲ್ಲು ಕಚ್ಚಿ.

ಅಜ್ಜಾರು ನಕ್ಕು ಕಂಬಳಿಯ ಕಡೆ ಕೈ ತೋರಿಸಿದರು.

ಆಗಿದ್ದಿಷ್ಟೇ. ದಾಕ್ಷಾಯಣಿಯ ತಂಗಿಗೆ ಗಂಡು ಮಗು ಆಗಿತ್ತು. ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ನೆಂಟರು. ಯಾರೋ ಚಿಗವ್ವ ದಾಕ್ಷಾಯಣಿಯನ್ನು ಕೇಳಿದಳು: “ನಿನ್ನ ತೊಟ್ಟಿಲಾ ಯಾವಾಗವಾ?” ಮದುವೆಯಾಗಿ ಆರು ವರ್ಷ ಆಗಿತ್ತು. ದಾಕ್ಷಾಯಣಿ ನಕ್ಕು, “ನಮ್ಮನ್ಯಾಗ ಆಗಲೇ ಒಂದು ಕೂಸು ಐತೆಲ್ಲ ಚಿಗವ್ವ, ಗೇಮ್ ಆಡಕೊಂತ ಕುಂತೈತಿ” ಅಂದಳು. ಮನೆಗೆ ಮನೆಯೇ ನಕ್ಕಿತು. ಪಂಕ್ತಿಯಲ್ಲಿ ಕೂತಿದ್ದ ಫಕ್ಕೀರೇಶ ಎಲೆ ಬಿಟ್ಟು ಎದ್ದವನು ಮತ್ತೆ ಅವಳ ಮುಖ ನೋಡಲಿಲ್ಲ.

“ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತಾರಲ್ರಿ. ಅಕಿ ಆಡಿಬಿಟ್ಟಳು.”

“ಇದು ನಿನ್ನ ಮಾತು. ಕಂಬಳಿ ಮ್ಯಾಲ ಕುಂದ್ರು. ಅಕಿ ಮಾತು ಹೇಳು.”

ಫಕ್ಕೀರೇಶ ಕೂತ. ಬಹಳ ಹೊತ್ತು ಯೋಚಿಸಿದ.

“ನಾನು ದಾಕ್ಷಾಯಣಿ. ನಾನು ಸೊಕ್ಕಿನಕಿ. ಮಂದಿ ಮುಂದ ಗಂಡನ ಮಾನ ಕಳದಕಿ.”

“ಯಾವ ಹೆಣ್ಣುಮಗಳು ತನ್ನ ಬಗ್ಗೆ ಹಿಂಗ ಹೇಳಿಕೊಂತಾಳೋ? ಇದು ನೀನಪಾ. ಸೀರಿ ಉಟಗೊಂಡು ಕುಂತೀ, ಅಷ್ಟ.”

ಫಕ್ಕೀರೇಶನ ಕಿವಿ ಕೆಂಪಾದವು.

“ಏಳು. ಬರೂ ಹುಣ್ಣಿಮಿಗೆ ಮತ್ತ ಕುಂದ್ರು. ಅಕಿ ಮಾತು ನಿನ್ನ ಬಾಯಾಗ ಬಂದ ದಿನ ದೀಕ್ಷಾ. ಅಲ್ಲೀತನಕ ಕಟಗಿ ಒಡಿ.”

ಕಟ್ಟಿಗೆ ಒಡೆದ. ನೀರು ಹೊತ್ತ. ನಾಲ್ಕು ಹುಣ್ಣಿಮೆ ಕಳೆದವು. ನಾಲ್ಕು ಸಲವೂ ಕಂಬಳಿಯ ಮೇಲೆ ಕೂತು ಹೆಂಡತಿಯನ್ನು ಬೈದು ಎದ್ದ.

ಅವನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಗೇಮ್ ಯಂತ್ರ. ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು. ಅಂಗಡಿ ಮುಚ್ಚಿದಾಗ ಉಳಿಸಿಕೊಂಡದ್ದು ಅದೊಂದನ್ನೇ. ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ ಉಗ್ರಾಣದಲ್ಲಿ ಜೋಳದ ಚೀಲಗಳ ನಡುವೆ ಕೂತು ಆಡುತ್ತಿದ್ದ. ವೈರಾಗ್ಯ ಬಂದವನಿಗೂ ಇಷ್ಟು ಬೇಕಾಗುತ್ತದೆ ನೋಡಿ.

ಒಂದು ದಿನ ಅಜ್ಜಾರು ಉಗ್ರಾಣದ ಬಾಗಿಲಲ್ಲಿ ಬಂದು ನಿಂತರು. ಫಕ್ಕೀರೇಶ ಯಂತ್ರವನ್ನು ಚೀಲದ ಹಿಂದೆ ಸರಿಸಲು ಹೋದ.

“ಮುಚ್ಚಬ್ಯಾಡ. ನಾನೂ ನೋಡತೀನಿ.”

ಅಜ್ಜಾರು ಚೀಲದ ಮೇಲೆ ಕೂತರು. ಪರದೆಯಲ್ಲಿ ಒಂದು ಹಾಳು ಕೋಟೆ. ಅದರ ಅಗಸೆ ಬಾಗಿಲಲ್ಲಿ ಏಳು ತೋಳಿನ ರಾಕ್ಷಸ. ಎದುರಿಗೆ ಕತ್ತಿ ಹಿಡಿದ ವೀರ. ವೀರ ಒಂದು ಏಟು ಹಾಕಿದ, ಎರಡು ಹಾಕಿದ, ಮೂರು ಹಾಕಿದ. ನಾಲ್ಕನೆಯದಕ್ಕೆ ಕತ್ತಿ ಎತ್ತಿದಾಗ ರಾಕ್ಷಸನ ತೋಳು ಬೀಸಿ ಬಂತು. ಪರದೆ ಕೆಂಪಾಯಿತು.

“ಸತ್ತಿಯೇನು?”

“ಸತ್ತೆ ರೀ.”

“ಎಷ್ಟನೇ ಸಲ?”

“ಮುನ್ನೂರಾ ತೊಂಬತ್ತು. ಇದರಾಗ ಬರದಿರತೈತಿ ನೋಡ್ರಿ.”

“ಅವನ ಮ್ಯಾಲ ಸಿಟ್ಟು ಬರೂದಿಲ್ಲೇನು ನಿನಗ?”

ಫಕ್ಕೀರೇಶ ನಕ್ಕ. ಮಠಕ್ಕೆ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

“ಅವನದೇನು ತಪ್ಪೈತ್ರಿ ಅಜ್ಜಾರ? ಅವನ ನಡಿ ನನಗ ಪೂರಾ ತಿಳಿದಿಲ್ಲ, ಅಷ್ಟ. ನೋಡ್ರಿ, ಹೊಡ್ಯೂಕಿಂತ ಮೊದಲ ಅವನ ಎಡಗಡೆ ಹೆಗಲು ಒಂಚೂರು ಕುಸೀತೈತಿ. ಮೊದಲ ನೂರು ಸಲ ನನಗ ಅದು ಕಂಡಿದ್ದಿಲ್ಲ. ನೆಲಕ್ಕ ಕಾಲು ತಿಕ್ಕಿದ ಅಂದ್ರ ಬೆಂಕಿ ಉಗಳತಾನ. ಅರ್ಧ ಜೀವ ಹೋತಂದ್ರ ಸುಮ್ಮನ ನಿಂತಬಿಡತಾನ. ಸೋತ ಅನಸತೈತಿ. ಆವಾಗ ಹತ್ತರ ಹೋಗಬಾರದು. ನೋವಾದಾಗ ಅಂವ ಭಾಳ ಕೆಟ್ಟಾಂವ.”

“ಇಷ್ಟು ತಿಳದೂ ಯಾಕ ಸಾಯತಿ?”

“ಆಸೆ ರೀ. ಮೂರು ಏಟು ಹಾಕಿ ಸರೀಬೇಕು. ನಾಲ್ಕನೇದ್ದು ಹಾಕಾಕ ಹೋಗತೀನಿ.”

ಪರದೆಯ ಮೇಲೆ ಏನೋ ಸಾಲು ಬಂತು. ಫಕ್ಕೀರೇಶ ಓದದೆಯೇ ಗುಂಡಿ ಒತ್ತಿ ಅದನ್ನು ಅಳಿಸಿದ.

“ಏನು ಕೇಳತು ಅದು?”

“ಭಾಳ ಸೋಲಾಕತ್ತೀ, ಆಟ ಹಗುರ ಮಾಡಲೇನು ಅಂತ ಕೇಳತೈತ್ರಿ.”

“ಯಾಕ ಒಲ್ಲೆ ಅಂದಿ?”

“ಮರ್ಯಾದಿ ಅನ್ನೂದೊಂದು ಐತೆಲ್ರಿ.”

ಅಜ್ಜಾರು ಎದ್ದರು. ಬಾಗಿಲ ತನಕ ಹೋಗಿ ತಿರುಗಿದರು.

“ತೊಟ್ಟಿಲದ ದಿನ, ಆ ಮಾತು ಆಡೂಕಿಂತ ಮೊದಲ, ದಾಕ್ಷಾಯಣಿ ಹೆಗಲು ಕುಸೀತೇನು?”

“ನೋಡಿಲ್ರಿ.”

ಅಜ್ಜಾರು ಹೊರಟುಹೋದರು.

ಆ ಪ್ರಶ್ನೆ ಅಂಗಾಲಿಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ಮೂರು ದಿನ ಫಕ್ಕೀರೇಶ ಯಂತ್ರ ಮುಟ್ಟಲಿಲ್ಲ. ನಾಲ್ಕನೆಯ ದಿನ, ರಾಕ್ಷಸನನ್ನು ಕೊಂದರೆ ತಲೆ ತಣ್ಣಗಾಗುತ್ತದೆ ಅಂದುಕೊಂಡು ಮತ್ತೆ ಹಿಡಿದ.

ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು. ಮಧ್ಯಾಹ್ನ. ರಾಕ್ಷಸನ ಜೀವ ಕಾಲು ಪಾಲಷ್ಟೇ ಉಳಿದಿತ್ತು. ಅಡುಗೆಯ ನೀಲವ್ವ ಓಡಿ ಬಂದಳು.

“ತಮ್ಮಾ, ನಿನ್ನ ಹೇಣತಿ ಬಂದಾಳ. ಅಜ್ಜಾರು ಕರಿಯಾಕತ್ತಾರ.”

“ಬಂದ್ನಿ ಯವ್ವಾ. ಐದು ನಿಮಿಷ.”

ಯಂತ್ರಕ್ಕೆ ಆಟ ನಿಲ್ಲಿಸುವ ಗುಂಡಿ ಇತ್ತು. ಅವನ ಹೆಬ್ಬೆರಳಿನಿಂದ ಎರಡು ಬೆರಳಿನಷ್ಟು ದೂರ. ಅವನು ಒತ್ತಲಿಲ್ಲ. ಅವಳನ್ನು ನೋಡಬೇಕು ಅನಿಸಿತ್ತು, ಅದೂ ನಿಜ. ಆದರೆ ಕಾಯಲಿ ಸ್ವಲ್ಪ, ತಿಳಿಯಲಿ ಅವಳಿಗೂ, ಅಂತಲೂ ಅನಿಸಿತ್ತು.

ಆ ಸಲ ಸತ್ತ. ಇನ್ನೊಂದೇ ಸಲ ಅಂದುಕೊಂಡ. ಮತ್ತೆ ಸತ್ತ.

ನೀಲವ್ವ ಎರಡನೆಯ ಸಲ ಬಂದಳು. “ತಮ್ಮಾ, ಕುಂತಾಳಪಾ ಅಕಿ.”

“ಹೇಳಿದೆನಲ್ಲ ಯವ್ವಾ!”

ಮೂರನೆಯ ಸಲ ಅವಳು ಬರಲಿಲ್ಲ. ಫಕ್ಕೀರೇಶನಿಗೂ ಹೊತ್ತಿನ ಮೇಲೆ ಗಮನ ಇರಲಿಲ್ಲ. ಉಗ್ರಾಣದ ಕಿಂಡಿಯಿಂದ ಬಿದ್ದ ಬಿಸಿಲು ಗೋಡೆ ಹತ್ತಿತು. ನದಿಯ ಆಚೆ ದಂಡೆಯಲ್ಲಿ ಸಂಜೆಯ ಬಸ್ಸು ಹಾರ್ನ್ ಹಾಕಿತು. ಆಗ ರಾಕ್ಷಸನ ಎಡ ಹೆಗಲು ಕುಸಿಯಿತು. ಫಕ್ಕೀರೇಶ ಮೂರೇ ಏಟು ಹಾಕಿದ, ಸರಿದ. ಏಳೂ ತೋಳು ನೆಲಕ್ಕೆ ಬಿದ್ದವು.

ನಾಲ್ಕುನೂರಾ ಹನ್ನೆರಡು ಸಲ ಸತ್ತು, ನಾಲ್ಕುನೂರಾ ಹದಿಮೂರನೆಯದಕ್ಕೆ ಗೆದ್ದಿದ್ದ.

ಯಂತ್ರ ಹಿಡಿದುಕೊಂಡೇ ಪಡಸಾಲೆಗೆ ಓಡಿದ. ಅಜ್ಜಾರು ಒಬ್ಬರೇ ಕೂತಿದ್ದರು.

“ಅಜ್ಜಾರ, ಕೊಂದ್ನಿ ಅವನ್ನ!”

“ಹೌದೇನು.”

“ಎಲ್ಲಿ ಅಕಿ?”

“ಬಸ್ಸಿಗೆ ಹೋದಳು. ನಾಲ್ಕು ತಾಸು ಕುಂತಿದ್ದಳು.”

ಫಕ್ಕೀರೇಶನ ನಗು ಅರ್ಧಕ್ಕೇ ನಿಂತಿತು. “ಏನು ದೂರು ಹೇಳಿದಳ್ರಿ ನನ್ನ ಮ್ಯಾಲ?”

“ದೂರು ಹೇಳಲಿಲ್ಲ. ಕಂಬಳಿ ಮ್ಯಾಲ ಕುಂತು ನಿನ್ನ ಮಾತು ಆಡಿದಳು.”

“ನನ್ನ ಮಾತು?”

“ಹಿಂಗಂದಳು. ನಾನು ಫಕ್ಕೀರೇಶ. ಅಂಗಡಿ ಮುಚ್ಚಿದ ದಿನ ಶಟರ್ ಎಳದು ಅಲ್ಲೇ ಮೆಟ್ಟಲ ಮ್ಯಾಲ ಕುಂತಿದ್ದೆ. ಮನೀಗೆ ಹೋದರ ಹೆಂಡತಿ ಮಾರಿ ನೋಡಬೇಕಲ್ಲ ಅಂತ ಅಂಜಿಕಿ. ಅಕಿ ಬೈತಿದ್ದಿಲ್ಲ. ಬೈಯೂದಿಲ್ಲಲ್ಲ ಅನ್ನೂದ ತ್ರಾಸ ಆಗಿತ್ತು. ತೊಟ್ಟಿಲದ ದಿನ ಎಲ್ಲಾರೂ ನಕ್ಕಾಗ, ಅಕಿನೂ ನನ್ನ ಕೈಲಾಗದಾಂವ ಅಂತ ತಿಳಕೊಂಡಾಳ ಅನಿಸಿತು. ಅದಕ್ಕ ಎದ್ದೆ.”

ಆ ಮೆಟ್ಟಿಲ ಸಂಗತಿಯನ್ನು ಫಕ್ಕೀರೇಶ ಯಾರಿಗೂ ಹೇಳಿರಲಿಲ್ಲ. ಯಾರೂ ಹೇಳದೆ ತಾನೇ ಕಂಬಳಿಯ ಮೇಲೆ ಕುಸಿದು ಕೂತ.

ಆಗ ಅವನಿಗೆ ಕಂಡಿತು. ಚಿಗವ್ವ ಕೇಳಿದ ಕೂಡಲೇ ದಾಕ್ಷಾಯಣಿಯ ಕೈ ತೊಟ್ಟಿಲ ಹಗ್ಗಕ್ಕೆ ಹೋಗಿತ್ತು. ಹಗ್ಗವನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೆಗಲು ಕುಸಿದಿತ್ತು. ನಕ್ಕಿದ್ದು ಆಮೇಲೆ.

“ನಾನು ದಾಕ್ಷಾಯಣಿ” ಅಂದ. “ನಿನ್ನ ತೊಟ್ಟಿಲಾ ಯಾವಾಗ ಅಂತ ಕೇಳಿದರು. ಹಿಂದಿನ ವಾರನ ದವಾಖಾನಿ ಚೀಟಿ ಬಂದಿತ್ತು. ತೊಂದರಿ ನನ್ನದಲ್ಲ, ನನ್ನ ಗಂಡನದು. ಸತ್ತರೂ ಅದನ್ನ ಯಾರ ಮುಂದೂ ಬಾಯಿ ಬಿಡಬಾರದು ಅಂತ ಇದ್ದೆ. ಬ್ಯಾರೆ ಏನೂ ಹೊಳೀಲಿಲ್ಲ. ಚ್ಯಾಷ್ಟಿ ಮಾಡಿ ಮಾತು ಹಾರಿಸಿದೆ. ಅವರ ಮಾನ ಉಳಸಾಕ.”

ಹೇಳಿ ಮುಗಿಸಿ ಅತ್ತ. ಚೀಟಿ ಅವನೂ ಓದಿದ್ದ. ಐದು ತಿಂಗಳು ಎಲ್ಲವೂ ಅವನಿಗೆ ಗೊತ್ತಿದ್ದದ್ದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

“ಇವತ್ತು ಬಂತು ನೋಡು” ಅಂದರು ಅಜ್ಜಾರು. ದನಿಯಲ್ಲಿ ಸಂತೋಷ ಇರಲಿಲ್ಲ. ಕಂಬಳಿಯ ಅಂಚು ಎತ್ತಿ ಒಂದು ಲಕೋಟೆ ತೆಗೆದುಕೊಟ್ಟರು. ಸೋಡಚೀಟಿ, ಅಂದರೆ ವಿಚ್ಛೇದನದ ಕಾಗದ. ದಾಕ್ಷಾಯಣಿಯ ಸಹಿ ಆಗಿತ್ತು.

“ಅವರು ಬಂದರ ಇಬ್ಬರೂ ಕೂಡಿ ಹರಿಯೂಣು ಅಂತ ತಂದೀನ್ರಿ ಅಂದಳು. ಬರದಿದ್ದರ ಇಟ್ಟು ಹೋಗತೀನಿ ಅಂದಳು.”

ಯಂತ್ರವನ್ನು ಪಡಸಾಲೆಯಲ್ಲೇ ಬಿಟ್ಟು, ಮರುದಿನ ಬೆಳಗಿನ ಬಸ್ಸಿಗೇ ಫಕ್ಕೀರೇಶ ಹೋದ. ಮೂರನೆಯ ದಿನ ತಿರುಗಿ ಬಂದ.

“ಬೈದಳೇನು?”

“ಇಲ್ರಿ. ಬೈದಿದ್ದರ ಚಲೋ ಇತ್ತು. ಊಟಕ್ಕ ಕುಂದ್ರಿಸಿದಳು. ಬಿಸಿ ರೊಟ್ಟಿ ಹಾಕಿದಳು. ಬಂದ ಬೀಗರನ್ನ ಮಾತಾಡಿಸಿದಂಗ ಮಾತಾಡಿಸಿದಳು. ನನಗ ಎಲ್ಲಾ ತಿಳಿತು, ಇನ್ನೊಂದು ಸಲ ನೋಡೂಣು ಅಂದೆ.”

“ಏನಂದಳು?”

“ನಿಮಗ ಬಸ್ಸಿಗೆ ತಡಾ ಆಗತೈತಿ ಅಂದಳು.”

ನದಿಯ ಕಡೆಯಿಂದ ಗಾಳಿ ಬಂತು.

“ಸಹಿ ಮಾಡಿ ಬಂದ್ನಿ ಅಜ್ಜಾರ. ಕಂಬಳಿ ಮ್ಯಾಲಿನ ಮಾತು ಬಂತು. ದೀಕ್ಷಾ ಕೊಡ್ರಿ. ನನಗಿನ್ನ ಏನೂ ಉಳಿದಿಲ್ಲ.”

“ಏನೂ ಉಳೀದಾಂವ ಏನನ್ನ ಬಿಟ್ಟು ದೀಕ್ಷಾ ತಗೋತಿ?”

“ಮತ್ತ ನಾ ಏನು ಮಾಡಲ್ರಿ?”

ಅಜ್ಜಾರು ಎದ್ದು ಗೋಡೆಯ ಗೂಡಿನಲ್ಲಿದ್ದ ಯಂತ್ರ ತೆಗೆದರು. ಶಲ್ಯದ ಸೆರಗಿನಿಂದ ಅದರ ಧೂಳು ಒರೆಸಿದರು. ತಂದು ಅವನ ಕೈಯಲ್ಲಿ ಇಟ್ಟರು.

“ಇದನ್ನ ಮತ್ತ ಮೊದಲಿಂದ ಆಡಾಕ ಬರತೈತೇನು?”

“ಬರತೈತ್ರಿ.”

“ಆ ರಾಕ್ಷಸ ಮತ್ತ ಇರತಾನೇನು ಅಲ್ಲಿ?”

“ಇರತಾನ್ರಿ.”

“ಹೋಗಿ ಆಡಪಾ. ಅವನಾದ್ರೂ ಕಾಯತಾನ.”