ಹತ್ತು ಸಾವಿರದ ಒಂದು ಕೇಳಿದ ಆಸನ

ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾರಿಂದಲೂ ಶೇಷವಿಲ್ಲದೆ ಭಾಗವಾಗದವರಿಗೆ ಮಾತ್ರ ಅವಿಭಾಜ್ಯ ಸಂಖ್ಯೆಗಳ ಸಭೆಯಲ್ಲಿ ಆಸನವಿತ್ತು. ಹತ್ತು ಸಾವಿರದ ಒಂದು ಬಂದು, ತನಗೂ ಒಂದು ಆಸನ ಬೇಕೆಂದಿತು.

"ಪರೀಕ್ಷೆಯಾಗಲಿ" ಎಂದಿತು ಸಭೆ.

ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಒಂದರ ಹಿಂದೊಂದು ಬಂದು ಭಾಗಿಸಿದವು. ಪ್ರತಿ ಸಲವೂ ಶೇಷ ಉಳಿಯಿತು. ಹತ್ತು ಸಾವಿರದ ಒಂದಕ್ಕೆ ಹಿಗ್ಗೋ ಹಿಗ್ಗು. "ಇನ್ನೆಷ್ಟು ಹೊತ್ತು ನಿಲ್ಲಿಸುತ್ತೀರಿ?" ಎನ್ನುತ್ತ ಮುಂದಿನ ಸಾಲಿನಲ್ಲಿ ತಾನೇ ಹೋಗಿ ಕುಳಿತಿತು.

ಹಿಂದಿನಿಂದ ಎಪ್ಪತ್ತಮೂರು ಎದ್ದು, "ನಾನೂ ಒಮ್ಮೆ ನೋಡಲೇ?" ಎಂದಿತು.

"ನೋಡಪ್ಪ, ನಿನಗೂ ಯಾಕೆ ಆಸೆ ಉಳಿಯಬೇಕು!"

ಎಪ್ಪತ್ತಮೂರು ಭಾಗಿಸಿತು. ಸರಿಯಾಗಿ ನೂರ ಮೂವತ್ತೇಳು ಬಂತು, ಶೇಷ ಸೊನ್ನೆ. ಸಭೆ ಗೊಳ್ಳೆಂದು ನಕ್ಕಿತು.

"ಮಾರಾಯ, ಮೊದಲೇ ಗುಟ್ಟಾಗಿ ಹೇಳಬಾರದಿತ್ತೇ?" ಎಂದು ಹತ್ತು ಸಾವಿರದ ಒಂದು ಪಿಸುಗುಟ್ಟಿತು.

"ಸರದಿಯಲ್ಲಿ ಕಾಯುತ್ತಿದ್ದೆ ಸ್ವಾಮಿ," ಎಂದಿತು ಎಪ್ಪತ್ತಮೂರು, "ನೀವು ಹದಿಮೂರಕ್ಕೇ ಕುಳಿತುಬಿಟ್ಟಿರಿ."