ಏಣಿ ಹತ್ತಿದ ಹಾಡು, ಏಳದೆ ಮಲಗಿದ ಬೆಣ್ಣೆ

ಒಂದಾನೊಂದು ಊರಿನಲ್ಲಿ, ನಮ್ಮೂರಲ್ಲ, ನಮ್ಮೂರವರಿಗೆ ಅಷ್ಟೊಂದು ತಲೆ ಇಲ್ಲ, ಒಬ್ಬ ರಾಜ ಇದ್ದ. ದೊಡ್ಡಮುದ್ದಪ್ಪ ಅಂತ ಹೆಸರು. ಶತ್ರು ಬಂದ್ರೂ ಅವನಿಗೆ ಚಿಂತೆ ಇಲ್ಲ, ಕೆರೆ ಒಡೆದ್ರೂ ಚಿಂತೆ ಇಲ್ಲ. ಸೋಮವಾರ ಬೆಳಗಾದ್ರೆ ಮಾತ್ರ ಒಂದೇ ಚಿಂತೆ. ಊರಲ್ಲಿ ಎಲ್ಲಕ್ಕಿಂತ ಮೇಲಿರೋ ಹಾಡು ಯಾವುದು? ಅದು ಗೊತ್ತಾಗೋವರೆಗೂ ರೊಟ್ಟಿ ಗಂಟಲಲ್ಲಿ ಇಳೀತಿರಲಿಲ್ಲ. ರಾಣಿ ಬೆನ್ನು ತಟ್ಟೋಳು, ನೀರು ಕೊಡೋಳು, ಊಹೂಂ.

ಅದಕ್ಕೇ ಅರಮನೆ ಮುಂದೆ ಒಂದು ಏಣಿ ನಿಲ್ಲಿಸಿದ್ದ. ಆ ಊರಲ್ಲಿ ಹಾಡುಗಳಿಗೆ ಕೈಕಾಲು ಇತ್ತು ಕಣ್ರೇ. ಸೋಮವಾರ ಸೋಮವಾರ ಬಂದು ಏಣಿ ಹತ್ತಿ ನಿಲ್ಲೋವು. ಗೆದ್ದ ಹಾಡು ತುತ್ತತುದಿ ಮೆಟ್ಟಿಲಲ್ಲಿ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದು ಮೆಟ್ಟಿಲೂ ಸಿಗದ ಹಾಡಿಗೆ ಗಡೀಪಾರು. ಗಡಿಕಲ್ಲಿನ ಆಚೆ ಬಿಟ್ಟು ಬರೋರು. ಆಮೇಲೆ ಊರೊಳಗೆ ಯಾರಾದ್ರೂ ಅದನ್ನ ಹಾಡಿದ್ರೆ ಬಾಯಿಗೆ ಬಿಸಿ ಮುದ್ದೆ ತುರುಕೋರು. ಸಾರು ಇಲ್ದೆ.

ಮೊದಮೊದಲು ರಾಜನಿಗೆ ತೋಚಿದ ಹಾಡೇ ಮೇಲೆ. ಒಂದು ಸೋಮವಾರ ಊರಬಾವಿ ಕಟ್ಟೆ ಮೇಲೆ ಕೂತಿದ್ದ ರೇಡಿಯೋ ಕ್ಯಾಕರಿಸಿ ಮಾತಾಡ್ತು.

"ಬುದ್ಧಿ, ನಾನು ಹಾಡಿದ್ದು ಊರಿನ ಕಿವಿಗೆಲ್ಲ ಬೀಳುತ್ತೆ. ಯಾವ ಹಾಡು ಎಷ್ಟು ಕಿವಿಗೆ ಬಿತ್ತು ಅಂತ ಎಣಿಸಿ. ಅದೇ ಲೆಕ್ಕ."

ಹಾಡಂಗಡಿ ಕಾಳಯ್ಯ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಅವನು ಹಾಡನ್ನ ಒಣಗಿದ ಸೋರೆ ಬುರುಡೆಗೆ ತುಂಬಿ, ಬಾಯಿಗೆ ಬಿರಡೆ ಜಡಿದು ಮಾರೋನು. ಬಿರಡೆ ತೆಗೆದ್ರೆ ಹಾಡುತ್ತೆ, ಮುಚ್ಚಿದ್ರೆ ತೆಪ್ಪಗಿರುತ್ತೆ.

"ಕಿವಿಗೆ ಧೂಳೂ ಬೀಳುತ್ತೆ ಬುದ್ಧಿ, ಅದನ್ನೂ ಏಣಿ ಹತ್ತಿಸ್ತೀರಾ? ಸೆರಗಿನ ಗಂಟು ಬಿಚ್ಚಿ ಕೊಂಡ್ಕೊಂಡು ಹೋಗ್ತಾರಲ್ಲ, ಅದು ಇಷ್ಟ ಅಂದ್ರೆ. ಬುರುಡೆ ಎಣಿಸಿ."

"ನಿನ್ನ ಬುರುಡೆ ಇಡೀ ಊರಿಗೆ ಕೇಳುತ್ತೇನಯ್ಯ?" ಅಂತು ರೇಡಿಯೋ.

"ನಿನ್ನನ್ನ ಯಾರಾದ್ರೂ ಕಾಸು ಕೊಟ್ಟು ಕೇಳ್ತಾರೇನಯ್ಯ?" ಅಂದ ಕಾಳಯ್ಯ.

ರಾಜ ಗಡ್ಡ ಕೆರ್ಕೊಂಡ. ಹೊಟ್ಟೆ ಬೇರೆ ಹಸೀತಿತ್ತು. "ಎರಡೂ ಸೇರಿಸಿ. ಒಂದು ಬುರುಡೆಗೆ ಎಷ್ಟು ಕಿವಿ ಸಮ ಅಂತ ತೂಗಿ ನೋಡಿ" ಅಂದ.

ತಕ್ಕಡಿ ತಂದ್ರು. ಒಂದು ತಟ್ಟೇಲಿ ಬುರುಡೆ ಇಟ್ರು. ಇನ್ನೊಂದರಲ್ಲಿ ಕಿವಿ ಇಡಬೇಕಲ್ಲ, ಕಿವಿ ಬಿಚ್ಚೋಕೆ ಬರಲ್ಲ. ಮಂತ್ರಿ ತನ್ನ ಕಿವೀನ ತಲೆ ಸಮೇತ ಇಟ್ಟ. ತಟ್ಟೆ ಅಲ್ಲಾಡಲಿಲ್ಲ. ಅಷ್ಟು ಹಗುರ ತಲೆ. ಅಷ್ಟರಲ್ಲಿ ಯಾರದೋ ಕತ್ತೆ ಮೇಯ್ತಾ ಬಂದು ತಟ್ಟೇಲಿ ಒಂದು ಕಿವಿ ಊರಿ ನಿಂತ್ಕೊಳ್ತು. ತಕ್ಕಡಿ ಸಮ ಆಯ್ತು. ಅವತ್ತಿಂದ ಅದೇ ಕಾನೂನು. ಒಂದು ಬುರುಡೆಗೆ ಒಂದು ಕತ್ತೆ ಕಿವಿ. ಮನುಷ್ಯರ ಕಿವಿ ಬರೀ ಚಿಲ್ಲರೆ.

ಇನ್ನು ರಾಣಿ ತಮ್ಮ ಸಿಂಗಾರಯ್ಯ. ಹೇಳ್ಬಾರದು, ಆದ್ರೂ ಹೇಳ್ತೀನಿ. ಕೆಲಸ ಇಲ್ಲ, ಕಾರ್ಯ ಇಲ್ಲ, ಅಕ್ಕನ ಮನೆ ಊಟ. ಅವನೊಂದು ಹಾಡು ಕಟ್ಟಿದ್ದ. "ನಾನು ಚೆಂದ, ನನ್ನ ಮೂಗು ಚೆಂದ, ಮೂಗಿನ ನೆರಳೂ ಚೆಂದ." ಅಷ್ಟೇ. ಮುಂದಕ್ಕಿಲ್ಲ, ಮತ್ತೆ ಮೊದಲಿಂದ. ಆ ಮೂಗು ನೋಡಿದೋರು ಹಾಡೇ ವಾಸಿ ಅಂತಿದ್ರು.

ಅವನೇನು ಮಾಡ್ದ, ಒಂದು ಚೆಂಬು ಶಾವಿಗೆ ಪಾಯಸ ತಗೊಂಡೋಗಿ ರೇಡಿಯೋ ಜಾಲರಿಯೊಳಗೆ ಹುಯ್ದ. ರೇಡಿಯೋ ಚಪ್ಪರಿಸ್ತು.

"ದ್ರಾಕ್ಷಿ ಕಮ್ಮಿ ಆಯ್ತು ಸಿಂಗಾರಯ್ಯನೋರೆ."

ಮಾರನೇ ದಿನ ದ್ರಾಕ್ಷಿ ಜಾಸ್ತಿ ಆಯ್ತು. ಅಲ್ಲಿಂದಾಚೆ ರೇಡಿಯೋ ಬಾಯಲ್ಲಿ ಅದೊಂದೇ ಹಾಡು. ಅಗಸರ ಕತ್ತೆಗಳನ್ನೆಲ್ಲ ಹುಲ್ಲಿನ ಆಸೆ ತೋರ್ಸಿ ಬಾವಿ ಸುತ್ತ ನಿಲ್ಲಿಸ್ಕೊಂಡ. ಕಿವಿ ಲೆಕ್ಕ ಏರ್ತಾನೇ ಹೋಯ್ತು.

ಜನರ ಪಾಡು ಕೇಳ್ಬೇಡಿ. ಮುದ್ದೆ ಕಟ್ಟೋಕೆ ಹೋದ್ರೆ ನಾನು ಚೆಂದ. ಕೂಸು ಮಲಗಿಸೋಕೆ ಹೋದ್ರೆ ಮೂಗು ಚೆಂದ. ಹುಂಜ ಕೂಗೋದು ಬಿಟ್ಟು ಕನ್ನಡಿ ಹುಡುಕ್ಕೊಂಡು ಹೋಯ್ತು.

ಆದ್ರೆ ಒಂದು ಉಪಾಯ ಇತ್ತು. ಕಾಳಯ್ಯ ಬುರುಡೆ ತುಂಬ್ತಾ ಇದ್ದಿದ್ದು ರೇಡಿಯೋ ಬಾಯಿಂದಲೇ. ಬುರುಡೆ ಹಿಡಿದ ತಕ್ಷಣ ಹಾಡೆಲ್ಲ ಅದರೊಳಗೆ ಇಳಿಯುತ್ತೆ. ಅದು ತುಂಬೋವರೆಗೂ ಬೀದೀಲಿ ಸದ್ದಿಲ್ಲ. ಜನಕ್ಕೆ ಇದು ತಿಳೀತು. ಕೂಸು ಮಲಗಿಸ್ಬೇಕಾ, ಒಂದು ಬುರುಡೆ ಕೊಳ್ಳೋದು. ಊಟ ಮಾಡ್ಬೇಕಾ, ಒಂದು ಬುರುಡೆ. ಗಂಡನ್ನ ಸರಿಯಾಗಿ ಬೈಬೇಕಾ, ಎರಡು ಬುರುಡೆ. ಕೊಂಡ್ಕೊಂಡೋಗಿ ಬಿರಡೆ ಸಮೇತ ತಿಪ್ಪೇಲಿ ಹೂತು ಬರೋರು. ಕಾಳಯ್ಯನಿಗೆ ಬೆನ್ನು ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ.

ಸೋಮವಾರ ರಾಜ ಏಣಿ ಮುಂದೆ ನಿಂತು ಕಣ್ಣೊರೆಸ್ಕೊಂಡ. "ಕಿವೀಲೂ ಇದೇ ಮುಂದೆ, ಬುರುಡೇಲೂ ಇದೇ ಮುಂದೆ. ನೋಡಪ್ಪ ಸಿಂಗಾರ, ಜನಕ್ಕೆ ನಿನ್ನ ಮೇಲೆ ಎಷ್ಟು ಪ್ರೀತಿ."

"ನಂಗೂ ಗೊತ್ತಿರಲಿಲ್ಲ ಭಾವ" ಅಂದ ಸಿಂಗಾರಯ್ಯ.

ಈಗ ಮಜ್ಜಿಗೆ ದ್ಯಾವೀರಮ್ಮನ ವಿಷಯಕ್ಕೆ ಬರ್ತೀನಿ. ಬೆಣ್ಣೆ ತೆಗೆದು ಮಾರಿ ಬದುಕೋಳು. ಅವಳದ್ದೂ ಒಂದು ಹಾಡು. "ಏಳೇ ಬೆಣ್ಣೆ ಏಳೇ, ಬಿಸಿಲು ಬಂತು ಏಳೇ." ಕಡಗೋಲು ಎಳೀತಾ ಇದನ್ನ ಹಾಡಿದ್ರೆ ಮೊಸರೊಳಗೆ ಮಲಗಿದ್ದ ಬೆಣ್ಣೆ ಆಕಳಿಸ್ಕೊಂಡು ಎದ್ದು ಮೇಲೆ ಬರೋದು. ಬೇರೆ ಯಾವುದಕ್ಕೂ ಏಳ್ತಿರಲಿಲ್ಲ. ಊರಿನ ಹೆಂಗಸರೆಲ್ಲ ಅವಳಿಂದಲೇ ಕಲ್ತಿದ್ರು. ಕಡಗೋಲು ಇರೋ ಮನೇಲೆಲ್ಲ ಅದೇ ಹಾಡು.

ಆದ್ರೆ ಏಣೀಲಿ ಮೆಟ್ಟಿಲು ಬೇಕಲ್ಲ. ಅವಳು ಒಂದು ಲೋಟ ಮಜ್ಜಿಗೆ ತಗೊಂಡು ರೇಡಿಯೋ ಹತ್ರ ಹೋದ್ಲು.

"ರೇಡಿಯಪ್ಪ, ನಂದೂ ಒಂದ್ಸಲ ಹಾಡಪ್ಪ."

"ಮಜ್ಜಿಗೆ ಆಗಲ್ಲ ನಂಗೆ, ನೆಗಡಿ ಆಗುತ್ತೆ" ಅಂತು ರೇಡಿಯೋ.

ಕಾಳಯ್ಯನ ಹತ್ರ ಹೋದ್ಲು. ಅವನು ನಕ್ಕ. "ಅಲ್ಲ ಕಣಕ್ಕ, ಎಲ್ಲರ ಬಾಯಲ್ಲೂ ಇರೋದನ್ನ ಯಾರಕ್ಕ ಕೊಳ್ತಾರೆ?"

ಸೋಮವಾರ ಬಂತು. ಹಾಡಿಗೆ ಮೆಟ್ಟಿಲು ಸಿಗಲಿಲ್ಲ, ಏಣಿ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿತ್ತು. ದ್ಯಾವೀರಮ್ಮ ರಾಜನ ಮುಂದೆ ಕೈ ಮುಗಿದ್ಲು.

"ಬುದ್ಧಿ, ಇದನ್ನ ಓಡಿಸ್ಬೇಡಿ. ಇದು ಹೋದ್ರೆ ಬೆಣ್ಣೆ ಏಳಲ್ಲ, ಬೆಣ್ಣೆ ಏಳದಿದ್ರೆ ನನ್ನ ಒಲೆ ಉರಿಯಲ್ಲ."

"ರೇಡಿಯೋ ಹಾಡ್ತೇನಮ್ಮ?"

"ಇಲ್ಲ ಬುದ್ಧಿ."

"ಬುರುಡೆ ಯಾರಾದ್ರೂ ಕೊಂಡ್ರೇನಮ್ಮ?"

"ಇಲ್ಲ ಬುದ್ಧಿ."

"ಹಂಗಾದ್ರೆ ಅಂಥ ಹಾಡೇ ಇಲ್ಲ" ಅಂದ ರಾಜ. ಅಂದು, ರೊಟ್ಟಿಗೆ ಬೆಣ್ಣೆ ಸವರ್ತಾ, "ಏಳೇ ಬೆಣ್ಣೆ ಏಳೇ" ಅಂತ ಗುನುಗ್ದ.

"ಈಗ ನೀವು ಗುನುಗಿದ್ದು ಯಾವುದು ಬುದ್ಧಿ?"

ರಾಜ ಸುತ್ತಮುತ್ತ ನೋಡ್ದ. "ಅದು ಸುಮ್ನೆ ಬಂತಮ್ಮ. ಸುಮ್ನೆ ಬಂದಿದ್ದು ಲೆಕ್ಕಕ್ಕಿಲ್ಲ."

ಹಾಡು ಬಟ್ಟೆ ಗಂಟು ಕಂಕುಳಲ್ಲಿ ಇಟ್ಕೊಂಡು ಗಡಿಕಲ್ಲು ದಾಟ್ತು.

ಮಾರನೇ ಬೆಳಗ್ಗೆ ಊರಿನ ಹೆಂಗಸರು ಕಡಗೋಲು ಎಳೆದ್ರು. ಎಳೆದ್ರು, ಎಳೆದ್ರು, ಕೈ ಬಿದ್ದೋಯ್ತು. ಬೆಣ್ಣೆ ಮೊಸರಿನ ತಳದಲ್ಲಿ ಗೊರಕೆ ಹೊಡೀತಿತ್ತು. ದ್ಯಾವೀರಮ್ಮನ ಒಲೇಲಿ ಬೆಕ್ಕು ಮಲಗ್ತು. ಸೋಮವಾರ ರಾಜನಿಗೆ ಮೇಲಿನ ಹಾಡು ಯಾವುದು ಅಂತ ಗೊತ್ತಿತ್ತು, ಆದ್ರೂ ರೊಟ್ಟಿ ಇಳೀಲಿಲ್ಲ. ಬೆಣ್ಣೆ ಇಲ್ವಲ್ಲ.

"ಮೇಲಿರೋ ಹಾಡನ್ನೇ ಹಾಡ್ಸಿ, ಅದಕ್ಕಿಂತ ದೊಡ್ಡದು ಯಾವುದಿದೆ" ಅಂದ ರಾಜ. ರೇಡಿಯೋನ ಹೊತ್ಕೊಂಡು ಬಂದು ಮೊಸರಿನ ಗಡಿಗೆ ಪಕ್ಕ ಇಟ್ರು. ಅದು "ಮೂಗಿನ ನೆರಳೂ ಚೆಂದ" ಅಂತು. ಬೆಣ್ಣೆ ಒಂದು ಕಣ್ಣು ಬಿಟ್ಟು ನೋಡಿ, ಮೊಸರನ್ನ ತಲೆ ತುಂಬಾ ಹೊದ್ಕೊಂಡು ಮತ್ತೆ ಮಲಗ್ತು.

ದ್ಯಾವೀರಮ್ಮ ಇದನ್ನೆಲ್ಲ ನೋಡಿದ್ಲು. ಗಡಿಗೆ ತಲೆ ಮೇಲಿಟ್ಕೊಂಡ್ಲು, ಕಡಗೋಲು ಕೈಲಿ ಹಿಡಿದ್ಲು, ಗಡಿಕಲ್ಲು ದಾಟಿ ಕೂತ್ಕೊಂಡ್ಲು. ಹಾಡು ಅಲ್ಲೇ ಕಾಯ್ತಿತ್ತು. ಕಡೀತಾ ಹಾಡಿದ್ಲು, ಬೆಣ್ಣೆ ಎದ್ದು ಬಂತು. ಸುದ್ದಿ ಹಬ್ಬೋಕೆ ಎಷ್ಟೊತ್ತು? ಊರಿನ ಹೆಂಗಸರೆಲ್ಲ ಗಡಿಗೆ ಹೊತ್ಕೊಂಡು ಆಚೆಗೆ ಹೋದ್ರು. ಕೊನೆಗೆ ತಲೆಗೆ ಟವಲ್ಲು ಸುತ್ಕೊಂಡು, ಕಂಕುಳಲ್ಲಿ ಗಡಿಗೆ ಇಟ್ಕೊಂಡು ಒಬ್ಬ ಬಂದ. ಟವಲ್ಲಿನ ಮೇಲೆ ಕಿರೀಟ ಇತ್ತು.

"ನಂದೂ ಸ್ವಲ್ಪ ಕಡೀರಮ್ಮ" ಅಂದ.

"ಹಾಡನ್ನ ಊರಿಗೆ ಕರ್ಕೊಳ್ಳಿ ಬುದ್ಧಿ, ಯಾರಿಗೂ ಈ ಅಲೆದಾಟ ಬೇಡ" ಅಂದ್ಲು ದ್ಯಾವೀರಮ್ಮ.

"ಯಾವ ಲೆಕ್ಕದಲ್ಲಿ ಕರ್ಕೊಳ್ಳಲಮ್ಮ? ಕಿವಿ ಇಲ್ಲ, ಬುರುಡೆ ಇಲ್ಲ."

"ಬಾಯಿ ಎಣಿಸಿ."

ರಾಜ ಬಹಳ ಯೋಚನೆ ಮಾಡ್ದ. "ಊರೊಳಗೆ ಇದನ್ನ ಹಾಡಿದ್ರೆ ಬಾಯಿಗೆ ಮುದ್ದೆ ತುರುಕ್ತೀವಿ. ಮುದ್ದೆ ಇರೋ ಬಾಯಿ ಹಾಡಲ್ಲ. ಹಾಡದ ಬಾಯಿ ಎಣಿಸೋಕೆ ಬರಲ್ಲ. ನೋಡಮ್ಮ, ಕಾನೂನು ಎಷ್ಟು ಗಟ್ಟಿಯಾಗಿದೆ."

"ಹಂಗಾದ್ರೆ ಗಡಿಗೆ ನಿಮ್ಮದು, ಕಡಗೋಲು ನಂದು, ಹಾಡೋದು ನೀವೇ" ಅಂದ್ಲು.

ರಾಜ ಹಾಡ್ದ. ಹೆಂಗಸರು ಸೆರಗು ಬಾಯಿಗಿಟ್ಕೊಂಡ್ರು. ಬೆಣ್ಣೆ ಎದ್ದು ಬಂತು, ಸ್ವಲ್ಪ ಮುಖ ಗಂಟು ಹಾಕ್ಕೊಂಡೇ ಬಂತು ಅನ್ನಿ.

ದಿನಾ ಗಡಿಗೆ ಹೊರೋದು ಯಾರಿಗೆ ಬೇಕು? ಜನ ಮನೆಗಳನ್ನೇ ಎತ್ಕೊಂಡು ಗಡಿ ಆಚೆಗೆ ಹೋದ್ರು. ರಾಜನೂ ಅರಮನೆ ಎತ್ಕೊಂಡು ಹೋದ. ಏಣಿ ಮಾತ್ರ ಬಿಟ್ಟು ಹೋದ, ಹೊಸಾ ಊರಲ್ಲಿ ಅದಕ್ಕೆ ಜಾಗ ಕೊಡಲ್ಲ ಅಂದಿದ್ಲು ದ್ಯಾವೀರಮ್ಮ. ಹಳೇ ಊರಲ್ಲಿ ಉಳಿದಿದ್ದು ರೇಡಿಯೋ, ಕತ್ತೆಗಳು, ಸಿಂಗಾರಯ್ಯ.

ಈಗಲೂ ಸೋಮವಾರ ರಾಜ ರೊಟ್ಟಿ ತಿಂದು, ಕೈ ತೊಳ್ಕೊಂಡು, ಏಣಿ ನೋಡೋಕೆ ಹೋಗ್ತಾನಂತೆ.

"ಈ ವಾರ ಯಾರು ಭಾವ?"

"ನೀನೇ ಕಣಪ್ಪ ಮೇಲೆ. ಕಿವೀಲೂ ನೀನೇ, ಬುರುಡೇಲೂ ನೀನೇ."

ಖಾಲಿ ಊರಲ್ಲಿ ಬುರುಡೆ ಕೊಳ್ಳೋರ್ಯಾರು ಅಂತೀರಾ? ಸಿಂಗಾರಯ್ಯನೇ. ಕಾಳಯ್ಯ ದಿನಾ ಸಂಜೆ ಹೋಗಿ ತುಂಬಿ ಕೊಟ್ಟು ಬರ್ತಾನೆ. ಸಿಂಗಾರಯ್ಯನಿಗೂ ನಿದ್ದೆ ಬೇಡ್ವಾ ಪಾಪ.

ಇದರಿಂದ ನಾವು ತಿಳ್ಕೋಬೇಕಾದ ನೀತಿ ಏನು ಅಂದ್ರೆ, ಪಾಯಸಕ್ಕೆ ಕೈ ಬಿಚ್ಚಿ ದ್ರಾಕ್ಷಿ ಹಾಕ್ಬೇಕು. ಅವರ ಬೆಣ್ಣೆ ಅವರ ರೊಟ್ಟಿಗಾಯ್ತು, ನನ್ನ ಕತೆ ನಿಮ್ಮ ಕಿವಿಗಾಯ್ತು. ಚಿಲ್ಲರೆ ಕಿವಿ, ಆದ್ರೂ ಪರವಾಗಿಲ್ಲ.

ಯಾಕೆ ಸಾಕಮ್ಮ, ಕತೆ ಕೇಳ್ತಾ ಬೆಣ್ಣೆ ಹಾಡು ಗುನುಗ್ತಾ ಇದ್ದೋಳು ನಿಲ್ಲಿಸ್ಬಿಟ್ಟೆ? ಗುನುಗು, ಗುನುಗು. ಸುಮ್ನೆ ಬಂದಿದ್ದು ತಾನೇ, ಲೆಕ್ಕಕ್ಕಿಲ್ಲ.