ಇಂಟರ್‌ಕೂಲರಿನ ಕವರು

“ಬುದ್ಧಿ, ಹಿತ್ತಲ ಕಡೆಯ ಕೋಣೆಯನ್ನು ನನಗೆ ಬಿಟ್ಟುಕೊಡುತ್ತೀರಾ?” ಎಂದು ಸಿದ್ಧಮಲ್ಲ ಗುರುಗಳನ್ನು ಕೇಳಿದ.

ಸಿದ್ಧಮಲ್ಲ ಮಠದ ಶಿಷ್ಯ. ಬೆಳಿಗ್ಗೆ ಧ್ಯಾನ ಮಾಡುತ್ತಿದ್ದ, ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ಧ್ಯಾನದಲ್ಲಿ ಅವನಷ್ಟು ಅಲುಗಾಡದೆ ಕೂರುವವರು ಮಠದಲ್ಲಿ ಇನ್ನೊಬ್ಬರಿರಲಿಲ್ಲ. ಬಡಿಸುವಾಗ ಅವನಷ್ಟು ಸಿಡುಕುವವರೂ ಇರಲಿಲ್ಲ. ಆ ದಿನ ಮೊದಲ ಪಂಕ್ತಿಯಲ್ಲಿ ಒಬ್ಬ ಮುದುಕ, “ಸಾರು ಒಸಿ ತೆಳ್ಳಗಾಯ್ತಲ್ಲಪ್ಪ” ಎಂದಿದ್ದ. ಸಿದ್ಧಮಲ್ಲ ಸೌಟನ್ನು ಬಕೆಟ್ಟಿಗೆ ಕುಕ್ಕಿದ. ಸಾರು ಮುದುಕನ ಅಂಗಿಯ ಮೇಲೆ ಹಾರಿತು. ಮುದುಕ ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದುಹೋದ. ದಾಸೋಹದ ಮಠದಲ್ಲಿ ಹಸಿದವನು ಎಲೆ ಬಿಟ್ಟು ಏಳುವುದು ಸಣ್ಣ ಮಾತಲ್ಲ. ಗುರುಗಳಿಗೆ ತುಂಬ ನೋವಾಗಿತ್ತು.

“ಧ್ಯಾನಕ್ಕೆ ಕೂತಾಗ ನನ್ನ ಮನಸ್ಸು ತಣ್ಣಗಿರುತ್ತದೆ, ಬುದ್ಧಿ. ಈ ಜನರ ನಡುವೆ ಬಂದೊಡನೆ ಕುದಿಯುತ್ತದೆ. ಕಷ್ಟಪಟ್ಟು ಗಳಿಸಿದ ಶಾಂತಿಯನ್ನು ಇವರು ದಿನಾ ಹಾಳುಮಾಡುತ್ತಾರೆ. ದಾಸೋಹದ ಕೆಲಸ ಬಿಡಿಸಿ ಆ ಕೋಣೆ ಕೊಟ್ಟರೆ, ಬಾಗಿಲು ಹಾಕಿಕೊಂಡು ಅದನ್ನು ಕಾಪಾಡಿಕೊಳ್ಳುತ್ತೇನೆ. ಅದರಲ್ಲಿ ತಪ್ಪೇನು?”

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. “ಕೂತುಕೋ, ಎರಡನೆಯ ಪಂಕ್ತಿಗೆ ಇನ್ನೂ ಹೊತ್ತಿದೆ” ಎಂದು ಒಂದು ಕತೆ ಹೇಳತೊಡಗಿದರು. ಅದು ಕಾರಿನ ಕತೆ. ಗುರುಗಳಿಗೆ ಕಾರಿನ ವಿಷಯ ಹೇಗೆ ಗೊತ್ತು ಎಂದು ಮಠದಲ್ಲಿ ಯಾರೂ ಕೇಳುತ್ತಿರಲಿಲ್ಲ. ಮಠದ ಹಳೆಯ ಜೀಪನ್ನು ಭಕ್ತರಿಗಿಂತ ಹೆಚ್ಚು ಸಲ ತಳ್ಳಿದವರು ಅವರೇ.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕವರು ಬಿಚ್ಚದ ಪಾತ್ರೆ ಹೊಸದು, ಬಿಚ್ಚಿದ ಪಾತ್ರೆ ಹಳೆಯದು: ಇದು ಅವನ ಅಂಗಡಿಯ ನಿಯಮ. ಅಂಗಡಿಗೆ ಅದು ಸರಿಯೇ. ಸಂಜೆ ಶಟರ್ ಎಳೆಯುವಾಗ ಈ ಮಹಾರಾಯ ಅದನ್ನು ಅಲ್ಲಿಯೇ ಬಿಟ್ಟು ಬರಬೇಕಿತ್ತು, ಮನೆಗೂ ತಂದ. ಟಿವಿಯ ರಿಮೋಟು ಕವರಿನೊಳಗಿತ್ತು, ಯಾವ ಗುಂಡಿ ಯಾವುದೆಂದು ಕಾಣುತ್ತಿರಲಿಲ್ಲ. ಸೋಫಾ ಕವರಿನೊಳಗಿತ್ತು, ಬೇಸಿಗೆಯಲ್ಲಿ ನೆಂಟರು ಏಳಲು ಹೋದರೆ ಅದು ಬೆನ್ನಿಗಂಟಿಕೊಂಡು ಬಿಡುತ್ತಿರಲಿಲ್ಲ. ಮದುವೆಗೆ ಉಡುಗೊರೆಯಾಗಿ ಬಂದ ಮಿಕ್ಸಿಯನ್ನು ಅವನ ಹೆಂಡತಿ ಇದುವರೆಗೆ ಕವರಿನ ಹೊರಗಿನಿಂದ ಮಾತ್ರ ನೋಡಿದ್ದಳು. ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಿದ್ದಳು.

ಅವನ ಹತ್ತಿರ ಒಂದು ಹಳೆಯ ಟರ್ಬೊ ಕಾರಿತ್ತು. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರೆಲ್ಲ ಪಂಪಿನ ಬುಡ ಮುಟ್ಟಿ ಬೆರಳು ಸುಟ್ಟುಕೊಂಡಿರುತ್ತಾರೆ. ಬಿಸಿ ಗಾಳಿ ಹಿಗ್ಗಿ ತೆಳ್ಳಗಾಗುತ್ತದೆ, ಎಂಜಿನ್ನಿಗೆ ಸಾಲುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಈ ಕೊರತೆ ಗೊತ್ತಾಗುತ್ತಿರಲಿಲ್ಲ. ಬೆಟ್ಟ ಹತ್ತುವಾಗ ಕಾರು ಏದುಸಿರು ಬಿಡುತ್ತಿತ್ತು.

ಬೆಟ್ಟದ ಮೇಲಿನ ಊರಿನಲ್ಲಿ ಅವನ ಷಡ್ಡಕನ ಮನೆ, ಅಂದರೆ ಹೆಂಡತಿಯ ತಂಗಿಯ ಗಂಡನ ಮನೆ. ಹಿಂದಿನ ವರ್ಷ ಅಲ್ಲಿಗೆ ಗೃಹಪ್ರವೇಶಕ್ಕೆಂದು ಹೋಗುವಾಗ ಮೂರನೆಯ ತಿರುವಿನಲ್ಲಿ ಕಾರು ನಿಂತುಬಿಟ್ಟಿತು. ಭಾರ ಕಡಿಮೆಯಾಗಲಿ ಎಂದು ವ್ಯಾಪಾರಿ, ಮಂಡಿನೋವಿನ ಅತ್ತೆಯನ್ನು ಇಳಿಸಿ ನಡೆಸಿದ. ಅದೇ ಹೊತ್ತಿಗೆ, ಪೂಜೆಗೆ ಹೂವು ತರಲು ಕೆಳಗಿಳಿದಿದ್ದ ಷಡ್ಡಕ ತನ್ನ ಹೊಸ ಕಾರಿನಲ್ಲಿ ಹಿಂದಿನಿಂದ ಬಂದು ಬಾಗಿಲು ತೆಗೆದ. ಅತ್ತೆ ಹತ್ತಿ ಕೂತರು. ಅಂದಿನಿಂದ ನೆಂಟರು ಸೇರಿದಲ್ಲೆಲ್ಲ ಅತ್ತೆಗೆ ಇದೇ ಮಾತು: “ದೊಡ್ಡಳಿಯಂದ್ರು ಬೆಟ್ಟ ಹತ್ತಿಸಿದ್ರು, ಚಿಕ್ಕಳಿಯಂದ್ರು ಕಾರು ಹತ್ತಿಸಿದ್ರು.”

ವ್ಯಾಪಾರಿಗೆ ಊಟ ರುಚಿಸದಾಯಿತು. ಅತ್ತೆಯನ್ನು ಒಮ್ಮೆ, ಒಂದೇ ಒಂದು ಸಲ, ಇಳಿಸದೆ ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋಗಬೇಕು. ಅವನಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಯಾರೋ ಅವನಿಗೆ, ಇಂಟರ್‌ಕೂಲರ್ ಹಾಕು ಎಂದರು. ಅದು ನೋಡಲು ರೇಡಿಯೇಟರಿನ ತಮ್ಮನಂತಿರುತ್ತದೆ. ಟರ್ಬೊ ಒತ್ತಿದ ಬಿಸಿ ಗಾಳಿ ಅದರ ಒಳಗೆ ಹಾಯುತ್ತದೆ. ಕಾರು ಓಡುವಾಗ ಎದುರಿನಿಂದ ಬೀಸುವ ಗಾಳಿ ಅದರ ಹೊರಮೈಗೆ ತಾಕಿ, ಒಳಗಿನದನ್ನು ತಣಿಸುತ್ತದೆ. ತಣಿದ ಗಾಳಿ ಎಂಜಿನ್ನಿಗೆ ಹೋಗುತ್ತದೆ. ಅಷ್ಟೇ. ಬೀಸುವ ಗಾಳಿಗೆ ಎದುರಾಗಿ ನಿಲ್ಲುವುದೊಂದೇ ಅದರ ಕೆಲಸ.

ವ್ಯಾಪಾರಿ ಅದನ್ನು ತರಿಸಿದ. ಮೆಕ್ಯಾನಿಕ್ ಹತ್ತಿರ ಒಯ್ಯಲಿಲ್ಲ. ಅವರ ಕೈಗೆಲ್ಲ ಗ್ರೀಸು, ಹೊಸ ಸಾಮಾನನ್ನು ಮುಟ್ಟಿಬಿಡುತ್ತಾರೆ. ಮನೆಯ ಮುಂದೆಯೇ ಕಾರಿನ ಬಂಪರ್ ಕಳಚಿದ. ರೇಡಿಯೇಟರಿನ ಮುಂದೆ ಜಾಗ ಸಾಲದೆ ಹಾರನ್ನನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹಾರನ್ ಬಾಯಿ ಬಿಡಲಿಲ್ಲ. ಕೂರಿಸಲು ಕಬ್ಬಿಣದ ಪಟ್ಟಿ ಬೇಕಾಗಿ, ಅಂಗಡಿಯ ಪಾತ್ರೆ ಸ್ಟ್ಯಾಂಡೊಂದನ್ನು ಕೊಯ್ದ. ಪೈಪುಗಳಿಗೆ ರಬ್ಬರ್ ಹೋಸು ಸಿಕ್ಕಿಸಿ ಕ್ಲಿಪ್ಪು ಬಿಗಿದ. ಮೊದಲ ಸಲ ಸ್ಟಾರ್ಟ್ ಮಾಡಿ ಜೋರಾಗಿ ತುಳಿದಾಗ ಒಂದು ಹೋಸು ಪಟಾರನೆ ಹಾರಿ, ಪಕ್ಕದ ಮನೆಯವರು ಒಣಗಿಸಿದ್ದ ಹಪ್ಪಳದ ಮೇಲೆ ಬಿತ್ತು. ಹಪ್ಪಳದವರಿಂದ ಬೈಸಿಕೊಂಡು ಬಂದು ಮತ್ತೆ ಬಿಗಿದ. ಈ ಸಲ ನಿಂತಿತು. ಕೊನೆಗೆ ಮುಂದಿನ ಜಾಲರಿ ಮಾತ್ರ ಏನು ಮಾಡಿದರೂ ವಾಪಸು ಕೂರಲಿಲ್ಲ. ಇಂಟರ್‌ಕೂಲರ್ ಎಲ್ಲರಿಗೂ ಕಾಣಲಿ ಎಂದು ಅದನ್ನು ಅಟ್ಟಕ್ಕೆ ಎಸೆದ.

ನಾನು ಅವನ ಕೆಲಸವನ್ನು ಹೀಗಳೆಯುವುದಿಲ್ಲ. ಪಾತ್ರೆ ಮಾರುವವನು ಇಷ್ಟು ಮಾಡಿದ್ದೇ ದೊಡ್ಡದು. ಆದರೆ ಇಂಟರ್‌ಕೂಲರ್ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಬಂದಿತ್ತು. ಪೈಪು ಸೇರುವ ಎರಡು ಬಾಯಿಗಳ ಹತ್ತಿರ ಮಾತ್ರ ಬ್ಲೇಡಿನಿಂದ ಗುಂಡಗೆ ಕೊಯ್ದು, ಉಳಿದದ್ದನ್ನು ಅವನು ಹಾಗೆಯೇ ಬಿಟ್ಟಿದ್ದ. ಸಡಿಲವಿದ್ದ ಕಡೆ ಟೇಪನ್ನೂ ಸುತ್ತಿದ್ದ.

ಹೆಂಡತಿ ಕೇಳಿದಳು: “ರೀ, ಅದಕ್ಕೆ ಗಾಳಿ ತಾಕ್ಬೇಕು ಅಂದ್ರಲ್ಲ, ಕವರ್ ತೆಗೀಬೇಡ್ವಾ?”

“ಗಾಳಿ ಜೊತೆ ಧೂಳೂ ಬರುತ್ತೆ ಕಣೆ. ಹೊಸ ಸಾಮಾನು, ಮೊದ್ಲು ಅದನ್ನ ಕಾಪಾಡ್ಕೋಬೇಕು.”

ಹೆಂಡತಿ ಚಟ್ನಿ ರುಬ್ಬಲು ಒರಳಿನ ಕಡೆ ಹೋದಳು. ಮಿಕ್ಸಿ ಬಂದಾಗಲೂ ಅವನು ಇದೇ ಮಾತು ಹೇಳಿದ್ದ.

ಷಡ್ಡಕನ ಮಗುವಿಗೆ ನಾಮಕರಣ ಬಂತು. ವ್ಯಾಪಾರಿ ಅತ್ತೆಯ ಮುಂದೆ ಕೈಮುಗಿದು ನಿಂತು, “ಈ ಸಲ ನೀವು ದಾರೀಲಿ ಇಳಿಯೋ ಹಾಗಾದ್ರೆ, ಇನ್ಮೇಲೆ ನನ್ನ ಅಳಿಯ ಅಂತ ಕರೀಲೇಬೇಡಿ ಅತ್ತೆ” ಎಂದ. ಅತ್ತೆಗೆ ಕನಿಕರವಾಯಿತು. ಒಪ್ಪಿ ಕಾರು ಹತ್ತಿದರು. ಆದರೂ ನಡೆಯಲು ಅನುಕೂಲವಾದ ಚಪ್ಪಲಿ ಹಾಕಿಕೊಂಡೇ ಬಂದಿದ್ದರು.

ಬೆಟ್ಟದ ರಸ್ತೆ ಶುರುವಾಯಿತು. ಆ ಕವರು ಇಂಟರ್‌ಕೂಲರಿಗೆ ಗಾಳಿ ತಾಕಗೊಡಲಿಲ್ಲ. ಅದರ ಹಿಂದೆಯೇ ಇದ್ದ ರೇಡಿಯೇಟರಿಗೂ ಗಾಳಿ ಬಿಡಲಿಲ್ಲ. ಮೊದಲೆಲ್ಲ ಬರಿಯ ಏದುಸಿರು ಬಿಡುತ್ತಿದ್ದ ಕಾರು ಈಗ ಕುದಿಯತೊಡಗಿತು. ಎರಡನೆಯ ತಿರುವಿನಲ್ಲಿಯೇ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯಂತೆ ಹಬೆ ಎದ್ದಿತು. ಹೋದ ವರ್ಷ ಬಂದಷ್ಟು ದೂರವೂ ಬಂದಿರಲಿಲ್ಲ. ಎಲ್ಲರೂ ಇಳಿದರು, ಅತ್ತೆಯೂ ಇಳಿದರು. ಅವರು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡರು. ಬೈದಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಇದು ಅವನಿಗೆ ತಡೆಯಲಾಗಲಿಲ್ಲ.

ಮಗುವಿಗೆ ಉಡುಗೊರೆ ಕೊಡಲೆಂದು ತಂದಿದ್ದ ಹಿತ್ತಾಳೆ ಬಿಂದಿಗೆ ಹಿಡಿದುಕೊಂಡು, ನೀರು ತರಲು ಕೆಳಗಿನ ಹಳ್ಳಕ್ಕೆ ಇಳಿದ. ಬಿಂದಿಗೆಯ ಕವರನ್ನು ಬಾಯಿಯ ಹತ್ತಿರ ಮಾತ್ರ ಬಿಚ್ಚಿದ್ದ.

ಅತ್ತೆಗೆ ನಿಲ್ಲಲಾಗಲಿಲ್ಲ. ರಸ್ತೆ ಬದಿಯಲ್ಲಿ ಒಂದು ಕಲ್ಲಿತ್ತು. ಅದರ ತುಂಬ ಮಣ್ಣು. ಅವರು ಉಟ್ಟದ್ದು ರೇಷ್ಮೆ ಸೀರೆ. ಹಾಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಸುತ್ತಲೂ ನೋಡಿದರು. ಜಾಲರಿ ಇಲ್ಲದ ಕಾರಿನ ಮೂತಿಯಲ್ಲಿ ದಪ್ಪ ಪ್ಲಾಸ್ಟಿಕ್ ಕಂಡಿತು. ಹಬೆ ಇಳಿದ ಮೇಲೆ ಸೆರಗಿನಿಂದ ಹಿಡಿದು ಪರಪರನೆ ಹರಿದು ಎಳೆದರು, ಕಲ್ಲಿನ ಮೇಲೆ ಹಾಸಿದರು, ಕೂತರು.

ವ್ಯಾಪಾರಿ ತಲೆ ತಗ್ಗಿಸಿಕೊಂಡು ಬಂದ, ತಲೆ ತಗ್ಗಿಸಿಕೊಂಡೇ ನೀರು ಹೊಯ್ದ. ಏನನ್ನೂ ನೋಡಲಿಲ್ಲ. ಮತ್ತೆ ಎಲ್ಲರೂ ಹತ್ತಿದರು. ಅತ್ತೆ ವಾಪಸು ಬರುವಾಗ ಬೇಕಾದೀತೆಂದು ಪ್ಲಾಸ್ಟಿಕ್ಕನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು. ಕಾರು ಹೊರಟಿತು. ಮೂರನೆಯ ತಿರುವು ದಾಟಿತು. ಲಾರಿಯೊಂದನ್ನು ಹಿಂದೆ ಹಾಕಿತು. ಕೊನೆಯ ಏರನ್ನು ಎಲ್ಲೂ ನಿಲ್ಲದೆ ಹತ್ತಿತು. ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು.

“ಪರವಾಗಿಲ್ಲ ಅಳಿಯಂದ್ರೇ, ನಿಮ್ಮ ಕಾರೂ ಬೆಟ್ಟ ಹತ್ತುತ್ತೆ” ಎಂದರು ಅತ್ತೆ.

ಅವನಿಗೆ ಬೇಕಾಗಿದ್ದದ್ದು ಸಿಕ್ಕಿತು. ಮನುಷ್ಯ ಅಲ್ಲಿಗೆ ನಿಲ್ಲಿಸಬಹುದಿತ್ತು. ಷಡ್ಡಕನನ್ನು ಕರೆತಂದು, ಕಾರಿನ ಮುಂದೆ ನಿಲ್ಲಿಸಿ, “ನೋಡಿ, ಇದೇ ಇಂಟರ್‌ಕೂಲರು” ಎಂದು ಬೆರಳು ತೋರಿಸಿದ. ತೋರಿಸಿದವನು ಹಾಗೆಯೇ ನಿಂತ. ಅದರ ಮೈಮೇಲೆ ಕವರಿರಲಿಲ್ಲ. ಸಂದುಸಂದಿಗೂ ಧೂಳು ಕೂತಿತ್ತು. ಒಂದು ಚಿಟ್ಟೆಯೂ ಸಿಕ್ಕಿಕೊಂಡಿತ್ತು.

“ಅಯ್ಯೋ, ಯಾರು ಬಿಚ್ಚಿದ್ದು?” ಎಂದು ಅವನು ಕೂಗಿದ ಕೂಗಿಗೆ ತೊಟ್ಟಿಲ ಮಗು ಎದ್ದು ಅತ್ತಿತು. ಅತ್ತೆ ಚೀಲದಿಂದ ತೆಗೆದುಕೊಟ್ಟರು. ನಾಮಕರಣದ ಹೊತ್ತಿನಲ್ಲಿ ಅವನು ಒಳಗಿರಲಿಲ್ಲ. ಹೊರಗೆ ಕೂತು ಇಂಟರ್‌ಕೂಲರನ್ನು ಒರೆಸಿ, ಹರಿದ ಕವರಿಗೆ ಟೇಪು ಹಚ್ಚಿ, ಮತ್ತೆ ಭದ್ರವಾಗಿ ಸುತ್ತುತ್ತಿದ್ದ. ಮಗುವಿಗೆ ಏನು ಹೆಸರಿಟ್ಟರೆಂದು ಅವನಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಸಂಜೆ ಬೆಟ್ಟ ಇಳಿದರು. ಇಳಿಜಾರಿನಲ್ಲಿ ಬಂಡೆಕಲ್ಲೂ ಚೆನ್ನಾಗಿಯೇ ಓಡುತ್ತದೆ, ಕಾರೂ ಓಡಿತು. ಅವನು ಹೆಂಡತಿಯ ಕಡೆ ತಿರುಗಿ ಹೇಳಿದ: “ನೋಡಿದ್ಯಾ? ಕವರ್ ಹಾಕಿದ್ಮೇಲೆ ಎಷ್ಟು ಸಲೀಸಾಗಿ ಓಡ್ತಿದೆ!”

ಕತೆ ಮುಗಿಯಿತು. ಸಿದ್ಧಮಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಎಂಥ ದಡ್ಡ, ಬುದ್ಧಿ! ತಣಿಸಲೆಂದೇ ಇರುವುದನ್ನು ಗಾಳಿ ಧೂಳು ತಾಕದ ಹಾಗೆ ಕಟ್ಟಿಟ್ಟರೆ, ಅದು ಇದ್ದು ಏನು ಬಂತು?”

ಅಷ್ಟರಲ್ಲಿ ಎರಡನೆಯ ಪಂಕ್ತಿಯ ಗಂಟೆ ಹೊಡೆಯಿತು. ಮೊದಲ ಪಂಕ್ತಿಯ ಮುದುಕ ಅಂಗಿಯನ್ನು ತೊಳೆದು, ಒದ್ದೆಯಲ್ಲೇ ಹಾಕಿಕೊಂಡು, ಸಾಲಿನ ಕೊನೆಯಲ್ಲಿ ಬಂದು ಕೂತಿದ್ದ. ಗುರುಗಳು ಅವನನ್ನು ನೋಡಿದರು, ಸಾರಿನ ಬಕೆಟ್ಟನ್ನು ನೋಡಿದರು, ಆಮೇಲೆ ಶಿಷ್ಯನ ಕಡೆ ತಿರುಗಿ ಕೇಳಿದರು:

“ಹಾಗಾದರೆ ಸಿದ್ಧಮಲ್ಲ, ನಿನ್ನ ಹಿತ್ತಲ ಕೋಣೆಗೆ ಅಗುಳಿಯನ್ನು ನೀನು ಒಳಗೇ ಕೂರುವ ಹಾಗೆ ಒಳಗಡೆ ಹಾಕಿಸಲೋ, ಮುಚ್ಚಿ ಬಡಿಸಲು ಬರುವ ಹಾಗೆ ಹೊರಗಡೆ ಹಾಕಿಸಲೋ?”